ಸಾರ್ವಜನಿಕ ಸೌಕರ್ಯವಾಗಿ ಬ್ರಾಡ್‌ಬ್ಯಾಂಡ್: ವಯನಾಡಿನ ನಿದರ್ಶನ

ಕುಡಿಯುವ ನೀರು, ವಿದ್ಯುತ್ತು, ರಸ್ತೆಗಳನ್ನು ಸಾರ್ವಜನಿಕ ಸೌಕರ್ಯಗಳೆಂದು ತರಗತಿಯಲ್ಲಿ ಬೋಧಿಸಲಾಗುತ್ತದೆ. ಆ ಪಟ್ಟಿಗೆ ಅಂತರ್ಜಾಲವೂ ಸೇರಬೇಕೆಂಬ ವಾದಕ್ಕೆ ಕೇರಳದಲ್ಲಿ ನ್ಯಾಯಾಂಗದ ಬೆಂಬಲವಿದೆ. ಫಹೀಮಾ ಶಿರಿನ್ ಪ್ರಕರಣದಲ್ಲಿ ಕೇರಳ ಉಚ್ಚ ನ್ಯಾಯಾಲಯವು 2019ರ ಸೆಪ್ಟೆಂಬರ್ 19ರಂದು ತೀರ್ಪಿತ್ತು, ಅಂತರ್ಜಾಲವನ್ನು ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಹಾಗೂ ಸಂವಿಧಾನದ 21ನೆಯ ಅನುಚ್ಛೇದದಡಿಯ ಖಾಸಗಿತನದ ಹಕ್ಕಿನ ಅಂಗವೆಂದು ಹೇಳಿತು. ಆದರೆ ಹಕ್ಕನ್ನು ಒಪ್ಪುವುದು ಬೇರೆ, ಅದು ಮನೆಬಾಗಿಲಿಗೆ ತಲಪುವುದು ಬೇರೆ. ಇವೆರಡರ ನಡುವಿನ ಅಂತರವನ್ನು ಅರಿಯಲು ವಯನಾಡ್ ಜಿಲ್ಲೆ ತಕ್ಕ ನಿದರ್ಶನ.

ಮಾನಂತವಾಡಿ, ಸುಲ್ತಾನ್ ಬತ್ತೇರಿ, ವೈತಿರಿ ತಾಲೂಕುಗಳ ಈ ಗುಡ್ಡಗಾಡು ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದವರ ಪ್ರಮಾಣ ರಾಜ್ಯದಲ್ಲೇ ಅತ್ಯಧಿಕ. 2011ರ ಜನಗಣತಿಯಂತೆ ಸುಮಾರು ಶೇ. 18.5. ಪಣಿಯ, ಕುರಿಚ್ಯ, ಅಡಿಯ ಮೊದಲಾದ ಸಮುದಾಯಗಳ, ಕನ್ನಡಕ್ಕೆ ಸಮೀಪವಾದ ಭಾಷೆಯನ್ನಾಡುವ ಕಾಟುನಾಯ್ಕರ ಹಾಡಿಗಳು ಕಾಡಿನಂಚಿನಲ್ಲೂ ತೋಟಗಳ ನಡುವೆಯೂ ಚದರಿವೆ. ಹತ್ತು ಮನೆಗಳಿಗಾಗಿ ಕಿಲೋಮೀಟರುಗಟ್ಟಲೆ ಕೇಬಲ್ ಎಳೆದರೆ ಖಾಸಗಿ ಸಂಸ್ಥೆಗೆ ಲಾಭವಿಲ್ಲ. ಲೆಕ್ಕವೇನೋ ಸರಿಯೇ, ಆದರೆ ಅದೇ ಲೆಕ್ಕವನ್ನು ನಂಬಿದ್ದರೆ ಈ ಹಾಡಿಗಳಿಗೆ ವಿದ್ಯುತ್ತೂ ಬರುತ್ತಿರಲಿಲ್ಲ.

2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ತರಗತಿಗಳು ಆರಂಭವಾದಾಗ ಈ ಕೊರತೆ ಕಣ್ಣಿಗೆ ಬಿತ್ತು. ಮನೆಯಲ್ಲಿ ಟಿ.ವಿ. ಇಲ್ಲದ ಮಕ್ಕಳಿಗಾಗಿ ಸಾಮೂಹಿಕ ಕಲಿಕಾ ಕೇಂದ್ರಗಳನ್ನು ಏರ್ಪಡಿಸಲಾಯಿತು. ಪಾಠವೇನೋ ಅಲ್ಲಿಗೆ ಬಂತು. ಮಗುವಿನ ಸಂದೇಹ ಮಾತ್ರ ಟಿ.ವಿ.ಯ ಮೂಲಕ ಅಧ್ಯಾಪಕರತ್ತ ಹಿಂದಿರುಗಲಾರದು.

2023ರ ಜೂನ್ 5ರಂದು ಉದ್ಘಾಟನೆಗೊಂಡ ಕೆ-ಫೋನ್ ಈ ಕೊರತೆಗೆ ಸರಕಾರವು ಕಂಡುಕೊಂಡ ಉತ್ತರ. ರಾಜ್ಯ ವಿದ್ಯುತ್ ಮಂಡಳಿಯ ಕಂಬಗಳನ್ನೂ ಮಾರ್ಗಗಳನ್ನೂ ಆಶ್ರಯಿಸಿ ಸಾಗುವ ಈ ಆಪ್ಟಿಕಲ್ ಫೈಬರ್ ಜಾಲವು ಸುಮಾರು 30,000 ಸರಕಾರಿ ಸಂಸ್ಥೆಗಳಿಗೆ ಸಂಪರ್ಕವನ್ನೂ 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸೇವೆಯನ್ನೂ ಗುರಿಯಾಗಿಟ್ಟುಕೊಂಡಿತು. ಮೊದಲ ಹಂತಕ್ಕೆ ನಿಗದಿಯಾದುದು ವಿಧಾನಸಭಾ ಕ್ಷೇತ್ರವೊಂದಕ್ಕೆ 100ರಂತೆ 14,000 ಕುಟುಂಬಗಳು. ಮೂರು ಕ್ಷೇತ್ರಗಳ ವಯನಾಡಿಗೆ ದೊರೆತ ಪಾಲು 300. ಕ್ಷೇತ್ರಗಳಿಗೆ ಸಮಾನವಾಗಿ ಹಂಚಿದ ಮಾತ್ರಕ್ಕೆ ಅಗತ್ಯಕ್ಕೆ ತಕ್ಕಂತೆ ಹಂಚಿದಂತಾಗುವುದಿಲ್ಲ.

ಕಂಬ ಒಂದೇ ಆದರೂ ಅದರ ಮೇಲಿನ ಎರಡು ಸೇವೆಗಳಿಗೆ ಕಾನೂನು ಒಂದೇ ಅಲ್ಲ. 2003ರ ವಿದ್ಯುತ್ ಕಾಯಿದೆಯ 43ನೆಯ ಸೆಕ್ಷನಿನ ಪ್ರಕಾರ, ಮನೆಯೊಡೆಯನಾಗಲಿ ವಾಸವಿರುವವರಾಗಲಿ ಅರ್ಜಿ ಸಲ್ಲಿಸಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ವಿದ್ಯುತ್ ಒದಗಿಸುವುದು ವಿತರಕನ ಕರ್ತವ್ಯ. ಹೊಸ ಮಾರ್ಗ ಎಳೆಯಬೇಕಾದಲ್ಲಿ ಮಾತ್ರ ಹೆಚ್ಚಿನ ಕಾಲಾವಕಾಶವಿದೆ. ಬ್ರಾಡ್‌ಬ್ಯಾಂಡಿಗೆ ಪ್ರತಿ ಮನೆಯ ಮಟ್ಟದಲ್ಲಿ ಇಂತಹ ಹೊಣೆಗಾರಿಕೆಯಿಲ್ಲ. ಗ್ರಾಮೀಣ ಸಂಪರ್ಕಕ್ಕಾಗಿ ಕೇಂದ್ರ ಸರಕಾರದ ನಿಧಿಯಿದೆ; 2023ರ ದೂರಸಂಪರ್ಕ ಕಾಯಿದೆ ಅದಕ್ಕೆ 'ಡಿಜಿಟಲ್ ಭಾರತ್ ನಿಧಿ' ಎಂದು ಹೆಸರಿಟ್ಟಿತು. ನಿಧಿಯಿಂದ ಯೋಜನೆಗಳು ನಡೆಯುತ್ತವೆ, ಆದರೆ ಹಾಡಿಯ ಕುಟುಂಬವೊಂದು ಅದರ ಬಲದಿಂದ ಇಂತಿಷ್ಟು ದಿನಗಳೊಳಗೆ ಸಂಪರ್ಕ ಕೊಡಿರೆಂದು ಕೇಳಲಾಗದು. ಬ್ರಾಡ್‌ಬ್ಯಾಂಡ್ ನಿಜವಾದ ಸಾರ್ವಜನಿಕ ಸೌಕರ್ಯವಾಗಬೇಕಾದರೆ ಮೊದಲು ತುಂಬಬೇಕಾದ ಕೊರತೆ ಇದೇ. ಮಾತೃಭಾಷೆಯ ಪಾಠಸಾಮಗ್ರಿ, ಉಪಕರಣ, ದುರಸ್ತಿಗಳ ಪ್ರಶ್ನೆಗಳು ಅನಂತರ ಬರುತ್ತವೆ.

ಸಮಾಜ ವಿಜ್ಞಾನದ ತರಗತಿಯಲ್ಲಿ ಇದನ್ನು ಪ್ರತ್ಯಕ್ಷವಾಗಿಯೇ ಪರಿಶೀಲಿಸಬಹುದು. ಶಾಲೆಯ ಸುತ್ತಲಿನ ಕಂಬಗಳಲ್ಲಿ ವಿದ್ಯುತ್ ತಂತಿಯ ಕೆಳಗೆ ಸಾಗುವ ಕೇಬಲನ್ನು ಮಕ್ಕಳು ಗುರುತಿಸಲಿ; ಅದು ಯಾವ ಮನೆಗಳಿಗೆ ಕವಲೊಡೆಯುತ್ತದೆ, ಯಾವ ಕಂಬದಲ್ಲಿ ನಿಲ್ಲುತ್ತದೆ ಎಂಬುದನ್ನು ಊರಿನ ನಕಾಶೆಯಲ್ಲಿ ಗುರುತು ಹಾಕಲಿ.