ತೆಂಗಿನ ಸೀಮೆಗೆ ಕೇಳಿಸಿದ ಎಂಬತ್ತರ ದಶಕ

ಪಾಶ್ಚಾತ್ಯ ದೇಶಗಳಲ್ಲಿ ಎಂಬತ್ತರ ದಶಕದ ಜನಪ್ರಿಯ ಸಂಗೀತವನ್ನು ನೆನೆಯುವವರು ಡ್ಯುರಾನ್ ಡ್ಯುರಾನ್, ವ್ಯಾಮ್, ಡಿಪೆಷ್ ಮೋಡ್ ಮುಂತಾದ ತಂಡಗಳ ಹೆಸರುಗಳನ್ನು ಮುಂದಿಟ್ಟುಕೊಂಡು, ಆ ಹತ್ತು ವರ್ಷಗಳಿಗೆ ನಿಜವಾದ ಪ್ರತಿನಿಧಿಗಳು ಯಾರೆಂದು ಇಂದಿಗೂ ವಾದಿಸುವುದುಂಟು. ಅದೇ ಪ್ರಶ್ನೆಯನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ನಿಂತು ಕೇಳಿಕೊಂಡರೆ ಉತ್ತರವನ್ನು ಬೇರೆಡೆ ಅರಸಬೇಕಾಗುತ್ತದೆ. ಏಕೆಂದರೆ ತಾವೇ ಹಾಡು ಕಟ್ಟಿ, ತಾವೇ ವಾದ್ಯ ನುಡಿಸಿ, ತಮ್ಮದೇ ಒಂದು ಹೆಸರಿನಲ್ಲಿ ಊರೂರು ಸುತ್ತುವ ನಾಲ್ಕೈದು ತರುಣರ ತಂಡವೆಂಬುದು ಆ ಕಾಲದ ಕನ್ನಡನಾಡಿನಲ್ಲಿ ಬೇರುಬಿಟ್ಟಿರಲಿಲ್ಲ. ಆದರೂ ಹಾಡುಗಳಿದ್ದವು, ಅವುಗಳನ್ನು ಕಟ್ಟಿದವರಿದ್ದರು, ಅವಕ್ಕಾಗಿ ಕಾದು ಕುಳಿತ ಜನರಿದ್ದರು.

ಪ್ರತಿನಿಧಿಯನ್ನು ಆರಿಸುವುದಕ್ಕೂ ಶ್ರೇಷ್ಠನನ್ನು ಆರಿಸುವುದಕ್ಕೂ ಅಂತರವಿದೆ. ತಿಪಟೂರಿನ ಮಾರುಕಟ್ಟೆಯ ಪ್ರಾಂಗಣದಲ್ಲಿ ಕೊಬ್ಬರಿಯ ರಾಶಿಯ ಮುಂದೆ ನಿಂತ ವರ್ತಕನು, ಇದ್ದುದರಲ್ಲೆಲ್ಲ ಅಂದವಾದ ಉಂಡೆಯನ್ನು ಹುಡುಕದೆ, ರಾಶಿಯೊಳಕ್ಕೆ ಕೈಹಾಕಿ ಸಿಕ್ಕಿದ್ದನ್ನು ಹೊರತೆಗೆದು, ಅಂಗೈಯಲ್ಲಿಯೇ ಅದರ ತೂಕವನ್ನು ಅಂದಾಜುಮಾಡಿ, ಒಡೆದು ಒಳಗಿನ ಬಿಳುಪನ್ನು ನೋಡಿ, ಅದರಿಂದ ಇಡೀ ರಾಶಿಯ ಗುಣವನ್ನು ಗ್ರಹಿಸುತ್ತಾನೆ. ದಶಕವೊಂದರ ಸಂಗೀತವನ್ನೂ ಹಾಗೆಯೇ ಪರೀಕ್ಷಿಸಬೇಕು. ಹಿಂದಿನ ದಶಕದಲ್ಲಿಯೂ ಹುಟ್ಟಬಹುದಾಗಿದ್ದ ಹಾಡು ಎಷ್ಟೇ ಮಧುರವಾಗಿರಲಿ, ಎಂಬತ್ತರ ದಶಕಕ್ಕೆ ಸಾಕ್ಷಿಯಾಗಲಾರದು.

ಈ ನಿಯಮವನ್ನು ಒಪ್ಪಿದೊಡನೆ ನನಗೆ ಅತ್ಯಂತ ಪ್ರಿಯರಾದ ರಾಜನ್-ನಾಗೇಂದ್ರ ಸೋದರರನ್ನೇ ಹೊರಗಿರಿಸಬೇಕಾಗಿ ಬರುವುದು ವ್ಯಥೆಯ ಸಂಗತಿ. 'ಗಾಳಿಮಾತು' (1981), 'ಚಲಿಸುವ ಮೋಡಗಳು' (1982), 'ಬೆಟ್ಟದ ಹೂವು' (1985) ಚಿತ್ರಗಳ ಗೀತೆಗಳನ್ನು ಮರೆತವರು ಈ ಸೀಮೆಯಲ್ಲಿ ವಿರಳ. ಆದರೆ ಮೈಸೂರಿನ ಈ ಸೋದರರ ಕಲೆ ಐವತ್ತರ ದಶಕದಲ್ಲಿಯೇ ಚಿಗುರಿ, ಎಪ್ಪತ್ತರಲ್ಲಿ ತುಂಬು ಫಲವನ್ನು ಕೊಟ್ಟು, ಎಂಬತ್ತರಲ್ಲಿ ಅದೇ ಮಾಧುರ್ಯವನ್ನು ಮುಂದುವರಿಸಿತು. 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳಿಗೆ ಅಪೂರ್ವವಾದ ಸಂಗೀತವನ್ನಿತ್ತ ಇಳಯರಾಜರನ್ನು ತಮಿಳುನಾಡು ಮೊದಲು ತನ್ನವರೆನ್ನುವುದು ಸಹಜವಾದ್ದರಿಂದ ಅವರನ್ನೂ ಹೊರಗಿರಿಸಬೇಕು.

ಎಂಬತ್ತರ ದಶಕವನ್ನು ಬೇರೆ ದಶಕಗಳಿಂದ ಪ್ರತ್ಯೇಕಿಸಿದ್ದು ಕ್ಯಾಸೆಟ್ಟು. ಫಿಲಿಪ್ಸ್ ಸಂಸ್ಥೆಯವರು ಅದನ್ನು 1963ರಲ್ಲಿಯೇ ಹೊರತಂದಿದ್ದರೂ ನಮ್ಮ ಹಳ್ಳಿಗಳ ಜಗುಲಿಯವರೆಗೆ ಬಂದು ತಲಪಲು ಅದಕ್ಕೆ ಎರಡು ದಶಕಗಳು ಹಿಡಿದವು. ಅದಕ್ಕೆ ಮುಂಚೆ ಗ್ರಾಮಫೋನ್ ತಟ್ಟೆಗಳು ಅನುಕೂಲಸ್ಥರ ಮನೆಯ ಸ್ವತ್ತಾಗಿದ್ದವು. ಉಳಿದವರು ಆಕಾಶವಾಣಿಯು ಯಾವಾಗ ಏನನ್ನು ಕೇಳಿಸುವುದೋ ಅದಕ್ಕೆ ಕಾಯಬೇಕಾಗಿತ್ತು. ಸುಮಾರು ಒಂದು ವರ್ಷ ಅಟ್ಟದ ಮೇಲೆ ಒಣಗಿದ ಕಾಯಿ ಕೊಬ್ಬರಿಯಾಗಿ ಮಾರಾಟವಾಗಿ ಕೈಗೆ ಹಣ ಬಂದಾಗ, ಸಾಲಗಳೆಲ್ಲ ತೀರಿ ಮಿಕ್ಕಿದ್ದರೆ, ಮನೆಗೆ ಟೇಪ್ ರೆಕಾರ್ಡರು ಬರತೊಡಗಿತು.

ಪೇಟೆಯ ಕ್ಯಾಸೆಟ್ ಅಂಗಡಿಯಲ್ಲಿ ಇನ್ನೊಂದು ವ್ಯವಹಾರವೂ ನಡೆಯುತ್ತಿತ್ತು. ಗಿರಾಕಿಯು ತನಗೆ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಅಂಗಡಿಯವನು ಅವನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುವನು. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ನಾಲ್ಕೈದು ನಿಮಿಷದ ಹಾಡಾದರೆ ಆರೋ ಏಳೋ ಹಿಡಿಯುತ್ತಿದ್ದವು. ಎರಡೂ ಮಗ್ಗುಲು ಸೇರಿ ಹನ್ನೆರಡು-ಹದಿನಾಲ್ಕು ಹಾಡುಗಳೊಳಗೆ ತನ್ನ ಇಷ್ಟವನ್ನೆಲ್ಲ ಅಡಕಗೊಳಿಸಬೇಕೆಂಬ ಕಟ್ಟಳೆಯಿದ್ದುದರಿಂದ, ಬರೆದು ಹೊಡೆದುಹಾಕಿ ಮತ್ತೆ ಬರೆದ ಆ ಚೀಟಿಗಳಲ್ಲಿ ನಾವಿಂದು ಮಾಡಹೊರಟಿರುವ ಆಯ್ಕೆಯನ್ನು ಅಂದಿನ ಜನ ತಾವೇ ಮಾಡಿಕೊಂಡಿದ್ದರೆಂದು ಹೇಳಬೇಕು.

ಅಂತಹ ಚೀಟಿಗಳಲ್ಲಿ ಚಲನಚಿತ್ರದ್ದಲ್ಲದ ಕನ್ನಡ ಗೀತೆಗಳೂ ಸ್ಥಾನ ಪಡೆದುವೆಂಬುದೇ ದಶಕದ ಮೊದಲ ಅಚ್ಚರಿ. ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳನ್ನು ಹಾಡಾಗಿಸಿದ 'ನಿತ್ಯೋತ್ಸವ' ಕ್ಯಾಸೆಟ್ಟು 1978ರಲ್ಲಿ ಬಂದು ಬಾಗಿಲನ್ನು ತೆರೆಯಿತು, ಅನಂತರ ಸಿ. ಅಶ್ವಥ್ ಅವರು ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಯನ್ನು, ಶಿಶುನಾಳ ಶರೀಫರ ತತ್ತ್ವಪದಗಳನ್ನು ಮನೆಮನೆಗೆ ಮುಟ್ಟಿಸಿದರು. ಅಶ್ವಥ್ ಹುಟ್ಟಿದ ಚನ್ನರಾಯಪಟ್ಟಣವು ಜಿಲ್ಲೆ ಬೇರೆಯಾದರೂ ತುರುವೇಕೆರೆಗೆ ನೆರೆಯ ತಾಲ್ಲೂಕೇ. ತೆಂಗಿನ ನೆರಳೂ ಮಾತಿನ ಧಾಟಿಯೂ ಅಲ್ಲಿಯವರೆಗೆ ಒಂದೇ ಸಮನೆ ಹಬ್ಬಿವೆ. ಶರೀಫರ ಪದಗಳಂತೂ ಈ ಪ್ರಾಂತಕ್ಕೆ ಅಪರಿಚಿತ ವಸ್ತುವಾಗಿ ಬರಲಿಲ್ಲ. ಏಕತಾರಿ ದಮ್ಮಡಿಗಳೊಡನೆ ರಾತ್ರಿಯಿಡೀ ತತ್ತ್ವಪದ ಹಾಡುವ ಭಜನೆಯ ಮೇಳಗಳು ಇಲ್ಲಿ ತಲೆತಲಾಂತರದಿಂದ ಇದ್ದವು. ಚಿಕ್ಕನಾಯಕನಹಳ್ಳಿಯಲ್ಲಿ ತಾತಯ್ಯನ ಗೋರಿಗೆ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ನಡೆದುಕೊಳ್ಳುತ್ತಾರೆ. ಗುರು ಗೋವಿಂದಭಟ್ಟರ ಶಿಷ್ಯನಾದ ಶರೀಫನ ಮಾತು ಇಂಥವರಿಗೆ ಹೊಸತಲ್ಲ. ಅಶ್ವಥ್ ಅವರು ಗಂಟಲು ಬಿಚ್ಚಿ ಏರುದನಿಯಲ್ಲಿ, ಶಿವಮೊಗ್ಗ ಸುಬ್ಬಣ್ಣನವರು ತುಂಬುಕಂಠದಲ್ಲಿ ಹಾಡಿದಾಗ, ಭಜನೆಯ ಮನೆಯ ಪದ ವಾದ್ಯಮೇಳದ ವೈಭವವನ್ನು ತೊಟ್ಟು ಮರಳಿ ಬಂದಂತಾಯಿತು. ಆದಕಾರಣ ನನ್ನ ಮೊದಲ ಆಯ್ಕೆ ಭಾವಗೀತೆಯ ಈ ಬಳಗ.

ಎರಡನೆಯ ಆಯ್ಕೆಗೆ ಹೆಚ್ಚಿನ ವಾದ ಬೇಕಿಲ್ಲ. 1987ರಲ್ಲಿ ರವಿಚಂದ್ರನ್ ಅವರ 'ಪ್ರೇಮಲೋಕ' ಬಂದಿತು; ರಂಗಭೂಮಿ, ವಾದ್ಯಗೋಷ್ಠಿಗಳ ಪರಿಸರದಲ್ಲಿ ಬೆಳೆದ ಹಂಸಲೇಖ ಅವರು ಸಾಹಿತ್ಯವನ್ನೂ ಸ್ವರವನ್ನೂ ತಾವೇ ಹೊಸೆದು, ಕಾಲೇಜು ಹುಡುಗರ ಆಡುಮಾತನ್ನೇ ಹಾಡಿನ ಚರಣವಾಗಿಸಿದರು. ಲಹರಿ ಸಂಸ್ಥೆಯ ಆ ಕ್ಯಾಸೆಟ್ಟು ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕಾಯಿ ಸುಲಿಯುವವರ ಪಕ್ಕದಲ್ಲಿಟ್ಟ ಪೆಟ್ಟಿಗೆಯಲ್ಲಿ, ಟೇಪು ಸವೆದು ಎಳೆದೆಳೆದು ಹಾಡುವವರೆಗೂ ತಿರುಗಿತು. ಯಮಾಹ ಡಿಎಕ್ಸ್ 7 ಎಂಬ ಕೀಬೋರ್ಡು ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ವಿದ್ಯುನ್ಮಾನ ನಾದದ ಅದೇ ಅಲೆ ಇಂಗ್ಲೆಂಡಿನ ತಂಡಗಳನ್ನು ರೂಪಿಸಿದಂತೆ ಕೆಲವೇ ವರ್ಷಗಳಲ್ಲಿ ಕನ್ನಡದ ಹಾಡನ್ನೂ ರೂಪಿಸಿತು. ಮರುವರ್ಷ 'ರಣಧೀರ', 'ಅಂಜದ ಗಂಡು' ಬಂದಾಗ ಹಂಸಲೇಖರ ಶೈಲಿ ನಾಡಿನ ಶೈಲಿಯೇ ಆಗಿಹೋಗಿತ್ತು.

ಮೂರನೆಯದನ್ನು ನಾನು ಅತ್ಯಂತ ಆಗ್ರಹದಿಂದ ಸೂಚಿಸುತ್ತೇನೆ: ಗಣೇಶೋತ್ಸವಗಳಿಗೆ ಬರುತ್ತಿದ್ದ ವಾದ್ಯಗೋಷ್ಠಿಗಳು. ತಿಪಟೂರಿನ ಸತ್ಯಗಣಪತಿಯ ಉತ್ಸವವಾಗಲಿ, ಹಳ್ಳಿಯ ಚಪ್ಪರದ ಗಣಪತಿಯಾಗಲಿ, ರಾತ್ರಿಯ ರಸಮಂಜರಿಯಿಲ್ಲದೆ ಪೂರ್ಣವೆನಿಸುತ್ತಿರಲಿಲ್ಲ. ಒಂದು ಕೀಬೋರ್ಡು, ಗಿಟಾರು, ತಬಲ ಡೋಲಕ್ಕುಗಳು, ಡ್ರಮ್ ಸೆಟ್ಟು, ಇಬ್ಬರೋ ಮೂವರೋ ಗಾಯಕರು. ಅವರಲ್ಲೊಬ್ಬರಿಗೆ ರಾಜಕುಮಾರರ ಕಂಠ, ಇನ್ನೊಬ್ಬರಿಗೆ ಬಾಲಸುಬ್ರಹ್ಮಣ್ಯಂ ಅವರ ಕಂಠ ಒಲಿದಿರಬೇಕೆಂಬುದು ಶ್ರೋತೃಗಳ ನಿರೀಕ್ಷೆ. ಮದರಾಸಿನ ಸ್ಟುಡಿಯೋದಲ್ಲಿ ಹತ್ತಾರು ಪಿಟೀಲುಗಳು ನುಡಿದದ್ದನ್ನು ಕೀಬೋರ್ಡಿನವನು ಎರಡೇ ಕೈಗಳಿಂದ ಹೊರಡಿಸಬೇಕು, ಅದನ್ನೂ ಸ್ವರಲಿಪಿಯ ಸಹಾಯವಿಲ್ಲದೆ, ಕ್ಯಾಸೆಟ್ಟನ್ನು ಹಿಂದಕ್ಕೂ ಮುಂದಕ್ಕೂ ಸುತ್ತಿಸಿ ಕಿವಿಯಿಂದಲೇ ಕಲಿತು. ಸಭೆಯಿಂದ ಚೀಟಿಗಳು ವೇದಿಕೆಗೆ ಹೋಗುತ್ತಿದ್ದವು. ಭಾವಗೀತೆಯೊಂದಕ್ಕೆ, ರಾಜನ್-ನಾಗೇಂದ್ರರದೊಂದಕ್ಕೆ, ಪ್ರೇಮಲೋಕದ್ದು ಮೂರಕ್ಕೆ. ಹೀಗೆ ಎಲ್ಲರನ್ನೂ ಒಂದೇ ರಾತ್ರಿಯಲ್ಲಿ ಒಳಗೊಂಡವರು ಇವರೊಬ್ಬರೇ. ತನ್ನದೇ ವೇದಿಕೆ, ತನ್ನದೇ ವಾದ್ಯ, ತನ್ನದೇ ಹೆಸರುಳ್ಳ ತಂಡವೆಂಬುದು ಈ ನಾಡಿನಲ್ಲಿ ಇದ್ದದ್ದಾದರೆ ಅದು ಇವರದೇ. ಅವರು ಸ್ವಂತ ಹಾಡನ್ನು ಕಟ್ಟಲಿಲ್ಲವೆಂದು ಆಕ್ಷೇಪಿಸುವವರುಂಟು. ಆದರೆ ಮುಂದಿನ ಸಾಲಿನ ಚಾಪೆಯ ಮೇಲೆ ಕುಳಿತ ಹುಡುಗನಿಗೆ ಡ್ರಮ್ಮಿನ ಮೇಲೆ ಕೋಲು ಬೀಳುವುದನ್ನು, ಗಿಟಾರಿನ ತಂತಿ ಅದುರುವುದನ್ನು ಕಣ್ಣಾರೆ ತೋರಿಸಿದವರು ಬೇರೆ ಯಾರು? ಇವರ ದನಿ ಯಾವ ಕ್ಯಾಸೆಟ್ಟಿನಲ್ಲಿಯೂ ಅಚ್ಚಾಗದೆ, ಉತ್ಸವ ಸಮಿತಿಗಳವರು ಹಂಚಿದ ಕರಪತ್ರಗಳ ಕೆಳಗಡೆ ಹೆಸರು ಮಾತ್ರ ಉಳಿದಿರುವುದರಿಂದ, ಅಂಥ ಕರಪತ್ರ ಯಾರ ಮನೆಯ ಪೆಟ್ಟಿಗೆಯಲ್ಲಿದ್ದರೂ ಅದನ್ನು ಗೆದ್ದಲಿಗೆ ಬಿಡದೆ ಊರಿನ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದು ನನ್ನ ಪ್ರಾರ್ಥನೆ.