ಲಂಡನ್–ಪ್ಯಾರಿಸ್: ಕಾಲು ಗಂಟೆಯ ಹಾರಾಟವೇ?

ಪ್ರಶ್ನೆ: ವಿಮಾನ ಲಂಡನ್‌ನಿಂದ ಪ್ಯಾರಿಸ್‌ಗೆ ಹೋಗಲು ಎರಡೂಕಾಲು ಗಂಟೆ, ವಾಪಸು ಬರಲು ಬರೀ ಕಾಲು ಗಂಟೆ ತೆಗೆದುಕೊಳ್ಳುವಂತೆ ಟಿಕೆಟ್‌ನಲ್ಲಿ ಕಾಣುತ್ತದೆ. ಇದು ಹೇಗೆ ಸಾಧ್ಯ?

ಉತ್ತರ: ಎರಡೂ ಕಡೆಯ ಪ್ರಯಾಣಕ್ಕೆ ಹಿಡಿಯುವುದು ಸುಮಾರು ಒಂದೂಕಾಲು ಗಂಟೆಯೇ. ಟಿಕೆಟ್‌ನಲ್ಲಿ ಆಯಾ ಊರಿನ ಸ್ಥಳೀಯ ಸಮಯವನ್ನೇ ಮುದ್ರಿಸುತ್ತಾರೆ. ಪ್ಯಾರಿಸ್ ಗಡಿಯಾರ ಲಂಡನ್ನಿನದಕ್ಕಿಂತ ಒಂದು ಗಂಟೆ ಮುಂದಿದೆ. ಹಾಗಾಗಿ ಲಂಡನ್ನಿನಲ್ಲಿ 9ಕ್ಕೆ ಹೊರಟರೆ ಪ್ಯಾರಿಸ್ಸಿನಲ್ಲಿ 11.15. ಅಲ್ಲಿ 12ಕ್ಕೆ ಹೊರಟರೆ ಲಂಡನ್ನಿನಲ್ಲಿ 12.15!

ನಗರಗಳ ನಡುವಿನ ನೇರ ದೂರ ಸುಮಾರು 344 ಕಿ.ಮೀ. ಆಕಾಶದಲ್ಲಿರುವ ಹೊತ್ತು ಒಂದು ಗಂಟೆಗೂ ಕಡಿಮೆ. ಉಳಿದದ್ದು ರನ್‌ವೇವರೆಗೆ ಸಾಗಲು, ಸರದಿ ಕಾಯಲು, ಇಳಿದ ಮೇಲೆ ಗೇಟು ಸೇರಲು ಹೋಗುತ್ತದೆ.

ಆದರೂ ನನ್ನನ್ನು ಕೇಳಿದರೆ ರೈಲೇ ವಾಸಿ. 1994ರಲ್ಲಿ ತೆರೆದ, 50 ಕಿ.ಮೀ. ಉದ್ದದ ಚಾನೆಲ್ ಸುರಂಗದ ಮೂಲಕ ಯೂರೋಸ್ಟಾರ್ ಸುಮಾರು ಎರಡೂಕಾಲು ಗಂಟೆಯಲ್ಲಿ ತಲುಪಿಸುತ್ತದೆ. ಹೀಥ್ರೂ, ಷಾರ್ಲ್ ದ ಗಾಲ್ ಎರಡೂ ವಿಮಾನ ನಿಲ್ದಾಣಗಳು ಊರಾಚೆ ಇವೆ. ರೈಲು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ಹತ್ತಿಸಿಕೊಂಡು ಗಾರ್ ದು ನಾರ್‌ನಲ್ಲಿ, ಅಂದರೆ ಪ್ಯಾರಿಸ್ ನಗರದೊಳಗೇ ಇಳಿಸುತ್ತದೆ. ಪಾಸ್‌ಪೋರ್ಟ್ ತಪಾಸಣೆಯಂತೂ, ಬ್ರಿಟನ್ನಿನದೂ ಫ್ರಾನ್ಸಿನದೂ, ಹತ್ತುವ ಮೊದಲೇ ಮುಗಿದಿರುತ್ತದೆ.