‘ಆಗಾಗ’ ಅಂದರೆ ಎಷ್ಟು ಸಲ?

ಕಳೆದ ಮಳೆಗಾಲದಲ್ಲಿ ಪುಣೆಯ ಮನೋವೈದ್ಯರೊಬ್ಬರ ಎದುರು ನಾನೂ ನಮ್ಮವ್ವನೂ ಕೂತಿದ್ದೆವು. ಪೇಷಂಟ್ ನಾನೇ. ವಯಸ್ಸು 38, ಐಟಿ ಕೆಲಸ. ಕೈಯಲ್ಲಿ ದುಡ್ಡಿದ್ದರೂ ಕರೆಂಟ್ ಬಿಲ್ ಕಟ್ಟಿರುವುದಿಲ್ಲ, ಹಿಡಿದ ಕೆಲಸ ಕೊನೆ ಮುಟ್ಟುವುದಿಲ್ಲ, ಮಗಳ ಶಾಲೆಯ ಮೀಟಿಂಗ್ ಎರಡು ಸಲ ಮರೆತಿದ್ದೆ. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಮಕ್ಕಳಲ್ಲಷ್ಟೇ ಅಲ್ಲ ದೊಡ್ಡವರಲ್ಲೂ ಇರುತ್ತದೆ ಎಂದು ತಿಳಿದ ಮೇಲೆ ಪರೀಕ್ಷೆಗೆ ಹೋಗಿದ್ದೆ.

ಅವ್ವ ಯಾಕೆ ಬಂದಳು ಅಂದರೆ, ವೈದ್ಯರು ಅನುಸರಿಸುವ ಡಿಎಸ್‌ಎಂ-5 ಕೈಪಿಡಿಯ (2013) ಪ್ರಕಾರ ಇದರ ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಅದಕ್ಕಾಗಿ ನಮ್ಮ ಬಾಲ್ಯ ಕಂಡವರನ್ನೂ ಕೇಳುತ್ತಾರೆ. ಡಾಕ್ಟರು ಮರಾಠಿಯವರು. ಅವ್ವ ಬಾದಾಮಿ ಕಡೆಯವಳು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ನಡುವೆ ದುಭಾಷಿ ನಾನೇ.

“ಚಿಕ್ಕವರಿದ್ದಾಗ ಇವರ ಗಮನ ಹೇಗಿತ್ತು, ಕೇಳಿ” ಅಂದರು ಡಾಕ್ಟರು, ಹಿಂದಿಯಲ್ಲಿ. ನಾನು ಕನ್ನಡಕ್ಕೆ ತಿರುಗಿಸಿದೆ: “ಅವ್ವಾ, ಸಣ್ಣವ ಇದ್ದಾಗ ನಾ ಚಂಚಲ ಇದ್ನೇನು?”

ಅವ್ವನ ಮುಖ ಗಂಟಾಯಿತು. “ಛೇ, ಚಂಚಲ ಯಾಕಿರ್ತಿ? ಸಾಲ್ಯಾಗ ಫಸ್ಟ್ ಬರ್ತಿದ್ದಿ!”

“ಇಲ್ಲವಂತೆ” ಅಂದೆ ಡಾಕ್ಟರಿಗೆ. ಅವರು ಬರೆದುಕೊಂಡರು.

ಮನೆಗೆ ಬಂದ ಮೇಲೆ ಆ ಒಂದು ಪದ ನನ್ನನ್ನು ಕಾಡತೊಡಗಿತು. ನಮ್ಮಲ್ಲಿ ‘ಚಂಚಲ’ ಅನ್ನುವುದು ಲಕ್ಷಣವಲ್ಲ, ದೂಷಣೆ. ಯಾವ ತಾಯಿ ಡಾಕ್ಟರ ಮುಂದೆ ಮಗನನ್ನು ದೂರುತ್ತಾಳೆ?

ಹದಿನೆಂಟು ಪ್ರಶ್ನೆ, ಐದು ಉತ್ತರ

ಅವ್ವನನ್ನು ಕೇಳುವ ಮೊದಲು ನಾನೊಂದು ಹಾಳೆ ತುಂಬಿದ್ದೆ. ಅದರ ಹೆಸರು ಎಎಸ್‌ಆರ್‌ಎಸ್. ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಾರ್ವರ್ಡ್‌ನ ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು ರೂಪಿಸಿ 2005ರಲ್ಲಿ ಪ್ರಕಟಿಸಿದ್ದು. ಒಟ್ಟು 18 ಪ್ರಶ್ನೆ, ಅವುಗಳಲ್ಲಿ ಮೊದಲ ಆರು ಜರಡಿಯ ಪ್ರಶ್ನೆಗಳು. ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ತುಂಬಾ ಸಲ — ಹೀಗೆ ಐದು ಉತ್ತರ. ಮೊದಲ ಮೂರು ಪ್ರಶ್ನೆಗಳಿಗೆ ‘ಕೆಲವೊಮ್ಮೆ’ ಅಂದರೂ ಲೆಕ್ಕಕ್ಕೆ ಬರುತ್ತದೆ. ಮುಂದಿನ ಮೂರಕ್ಕೆ ‘ಆಗಾಗ’ ಅಥವಾ ಅದಕ್ಕಿಂತ ಹೆಚ್ಚು ಅನ್ನಬೇಕು. ಆರರಲ್ಲಿ ನಾಲ್ಕು ಹೀಗೆ ಬಂದರೆ ವೈದ್ಯರು ಹೆಚ್ಚಿನ ತಪಾಸಣೆ ಮಾಡುತ್ತಾರೆ. ಹಾಳೆಯೇ ರೋಗನಿರ್ಣಯವಲ್ಲ, ಅದು ಬಾಗಿಲು ಮಾತ್ರ.

ಈ ಹಾಳೆ ಅನೇಕ ಭಾಷೆಗಳಿಗೆ ಹೋಗಿದೆ. ಟರ್ಕಿಶ್ ರೂಪ ಎಷ್ಟು ನೆಚ್ಚಬಹುದಾದದ್ದು ಎಂಬ ಅಧ್ಯಯನ 2009ರಲ್ಲಿ ಅಲ್ಲಿನ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಟರ್ಕಿಶ್ ಭಾಷೆಯ ಕಟ್ಟೋಣ ನಮ್ಮದನ್ನು ಹೋಲುತ್ತದೆ. ‘ಎವ್’ ಅಂದರೆ ಮನೆ, ‘ಎವ್‌ಲೆರ್‌ದೆ’ ಅಂದರೆ ಮನೆಗಳಲ್ಲಿ. ಪ್ರತ್ಯಯ ಪದದ ಬಾಲಕ್ಕೆ ಅಂಟುತ್ತದೆ, ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ. ಇಂಗ್ಲಿಷಿನ ಹೆಚ್ಚಿನ ಪ್ರಶ್ನೆಗಳು ‘ಎಷ್ಟು ಸಲ’ ಎಂದೇ ಶುರುವಾಗುತ್ತವೆ. ಕನ್ನಡದಲ್ಲಿ ಹೇಳಿ ನೋಡಿ: “ಬಹಳ ಯೋಚನೆ ಬೇಡುವ ಕೆಲಸವೊಂದು ಎದುರಿದ್ದಾಗ ಅದನ್ನು ಶುರು ಮಾಡದೆ ತಪ್ಪಿಸಿಕೊಳ್ಳುವುದು ಅಥವಾ ಮುಂದೂಡುವುದು ಎಷ್ಟು ಸಲ?” ಗಮನ ನಿಲ್ಲದವನಿಗೆ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತಿರುತ್ತದೆ!

ಅಡುಗೆಮನೆಯ ಪರೀಕ್ಷೆ

ಒಂದು ಭಾನುವಾರ ಆ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಮನೆಯವರ ಮುಂದಿಟ್ಟೆ. ಇದು ಶಾಸ್ತ್ರವಲ್ಲ, ನನ್ನ ಕುತೂಹಲ.

ಮೊದಲನೆಯದು, ಪ್ರಾಜೆಕ್ಟಿನ ಕಷ್ಟದ ಭಾಗ ಮುಗಿದ ಮೇಲೆ ಉಳಿದ ಸಣ್ಣಪುಟ್ಟದ್ದನ್ನು ಪೂರೈಸಲು ಕಷ್ಟವಾಗುತ್ತದೆಯೇ ಎಂಬುದು. “ನನಗೆಲ್ಲಿಯ ಪ್ರಾಜೆಕ್ಟ್?” ಅಂದಳು ಅವ್ವ. “ಕುಪ್ಪಸ ಪೂರ್ತಿ ಹೊಲಿದು ಹುಕ್ಸ್ ಹಚ್ಚದ ಬಿಡೋದು” ಅಂದೆ. ತಟ್ಟನೆ ತಿಳಿಯಿತು.

ಇನ್ನೊಂದು ಬೇಸರದ ಕೆಲಸದಲ್ಲಿ ಗಮನ ಇಡುವ ಕುರಿತು. ನಮ್ಮ ‘ಬೇಸರ’ದಲ್ಲಿ ದುಃಖ, ಮುನಿಸು, ಏಕತಾನ ಎಲ್ಲವೂ ಇವೆ. ಅವ್ವ ಅಪ್ಪನ ತಿಥಿಯ ನೆನಪಿಗೆ ಹೋದಳು. ‘ನಿಮಗಾಗಿ ಸಮಯ ಸಿಕ್ಕಾಗ ಹಾಯಾಗಿರಲು ಆಗುತ್ತದೆಯೇ’ ಎಂಬ ಪ್ರಶ್ನೆಗೆ ನನ್ನ ಹೆಂಡತಿ ನಕ್ಕು ಎದ್ದು ಹೋದಳು. ಮಾತಿನ ನಡುವೆ ಬಾಯಿ ಹಾಕುವುದು ಲಕ್ಷಣ ಅಂದಾಗ ಎಲ್ಲರೂ ಒಟ್ಟಿಗೇ ಬಾಯಿ ಹಾಕಿದರು. ಹಬ್ಬಕ್ಕೆ ಇಪ್ಪತ್ತು ಜನ ಸೇರುವ ಮನೆಯಲ್ಲಿ ಅದು ಕಾಯಿಲೆಯೇ ಅಲ್ಲ.

ಆದರೆ ನಿಜವಾದ ತೊಡಕು ‘ಆಗಾಗ’ದಲ್ಲಿತ್ತು. ನನಗದು ವಾರಕ್ಕೆ ನಾಲ್ಕು ಸಲ. ಅವ್ವನಿಗೆ ತಿಂಗಳಿಗೊಮ್ಮೆ. ನಿಘಂಟಿನ ಪ್ರಕಾರ ಇಬ್ಬರೂ ಸರಿ. ಜರಡಿಯ ಗೆರೆ ಬಿದ್ದಿರುವುದೇ ಆ ಪದದ ಮೇಲೆ. ಪದ ಒಂದು ಮನೆ ಆಚೀಚೆ ಸರಿದರೆ ತೊಂದರೆ ಇರುವವರು ಹೊರಗುಳಿಯುತ್ತಾರೆ, ಇಲ್ಲದವರು ಒಳಬರುತ್ತಾರೆ.

ತಿರುಗಿಸಿದರೆ ಸಾಲದು

ಇದಕ್ಕೊಂದು ಪದ್ಧತಿಯಿದೆ. ಒಬ್ಬರು ಅನುವಾದಿಸುತ್ತಾರೆ, ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿ ತಿರುಗಿಸುತ್ತಾರೆ, ಎರಡನ್ನೂ ಹೋಲಿಸುತ್ತಾರೆ. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಈ ಮರು-ಅನುವಾದದ ಬಗ್ಗೆ ಬರೆದರು. ಆದರೂ ಎರಡೂ ಭಾಷೆ ಬಲ್ಲವರು ‘ಬೇಸರದ ಕೆಲಸ’ವನ್ನು ಸರಿಯಾಗಿಯೇ ಇಂಗ್ಲಿಷಿಗೆ ಮರಳಿಸಿಬಿಡುತ್ತಾರೆ, ಅವ್ವನ ಕಿವಿಯಲ್ಲಿ ಅದು ಏನಾಯಿತೆಂದು ಆ ಕಾಗದ ಹೇಳುವುದಿಲ್ಲ. ಅದಕ್ಕೇ ಜನರ ಜೊತೆ ಕೂತು ಕೇಳಬೇಕು, ಕೆಲವು ವಾರದ ಮೇಲೆ ಮತ್ತೆ ಕೇಳಿ ಉತ್ತರ ಬದಲಾಗಿದೆಯೇ ನೋಡಬೇಕು, ವೈದ್ಯರ ನೇರ ಸಂದರ್ಶನದೊಂದಿಗೆ ತಾಳೆ ಹಾಕಬೇಕು.

ನಮ್ಮಲ್ಲೂ ಇಂಥ ಕೆಲಸ ನಡೆದಿದೆ. ಎಡಿನ್‌ಬರೋದಲ್ಲಿ 1987ರಲ್ಲಿ ರೂಪುಗೊಂಡ, ಬಾಣಂತಿಯರ ಖಿನ್ನತೆ ಗುರುತಿಸುವ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಗ್ರಾಮೀಣ ಕರ್ನಾಟಕದ ಗರ್ಭಿಣಿಯರೊಂದಿಗೆ ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹರಿಯಾಣದ ಬಲ್ಲಭಗಢದಲ್ಲಿ ಓದುಬರಹ ಬಾರದ ವೃದ್ಧರ ನೆನಪಿನ ಶಕ್ತಿ ಅಳೆಯುವಾಗ, ನೂರರಿಂದ ಏಳೇಳು ಕಳೆಯುವ ಲೆಕ್ಕದ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ಪದ ಬದಲಾಯಿತು, ಅಳೆಯುವ ವಸ್ತು ಬದಲಾಗಲಿಲ್ಲ.

ಊರು ಬಿಟ್ಟು ಬಂದ ನಮ್ಮ ಕಷ್ಟ ಇನ್ನೊಂದು ಬಗೆಯದು. ಆಸ್ಪತ್ರೆಯಲ್ಲಿ ಅಪ್ಪ-ಅವ್ವರಿಗೆ ಮಕ್ಕಳೇ ದುಭಾಷಿ. ಜ್ವರಕ್ಕೆ ಅದು ನಡೆಯುತ್ತದೆ. ಮನಸ್ಸಿನ ವಿಷಯಕ್ಕೆ ನಡೆಯುವುದಿಲ್ಲ, ಅದರಲ್ಲೂ ಪೇಷಂಟೇ ದುಭಾಷಿಯಾದರೆ. ಸಾಧ್ಯವಾದರೆ ಮನೆಯವರಲ್ಲದ ಕನ್ನಡದವರೊಬ್ಬರನ್ನು ಕರೆದೊಯ್ಯಿರಿ. ‘ಹೇಗಿದ್ದ’ ಎಂದು ಕೇಳುವ ಬದಲು ‘ಏನು ಮಾಡುತ್ತಿದ್ದ, ವಾರಕ್ಕೆ ಎಷ್ಟು ಸಲ’ ಎಂದು ಕೇಳಿಸಿ.

ನಾನು ಡಾಕ್ಟರಿಗೆ ಫೋನ್ ಮಾಡಿ ನನ್ನ ತಪ್ಪು ಒಪ್ಪಿಕೊಂಡೆ. ಮತ್ತೆ ಬನ್ನಿ ಅಂದರು. ಈ ಸಲ ನಮ್ಮ ಸೊಸೈಟಿಯಲ್ಲಿರುವ ಧಾರವಾಡದ ನಿವೃತ್ತ ಟೀಚರ್ ಅಕ್ಕ ಜೊತೆಗೆ ಬಂದರು. ನಾನು ತುಟಿ ಬಿಚ್ಚಬಾರದೆಂದು ಕರಾರು.

“ಅಮ್ಮಾರ, ಇವ್ರು ಸಾಲಿಗೆ ಹೋಗುವಾಗ ಸಾಮಾನು ಏನಾರ ಕಳಕೋತಿದ್ರೇನು?” ಅಂತ ಅಕ್ಕ ಕೇಳಿದರು.

ಅವ್ವ ನಕ್ಕುಬಿಟ್ಟಳು. “ಏನ್ ಕೇಳ್ತೀರಿ ಬಾಯಾರ! ವಾರಕ್ಕೊಂದು ಪೆನ್ನು. ಒಂದ ಮಳಿಗಾಲಕ್ಕ ಮೂರು ಛತ್ರಿ. ಎಣ್ಣಿ ತರಾಕ ಕಳಿಸಿದ್ರ ಬಾಟ್ಲಿ ಅಂಗಡ್ಯಾಗ ಬಿಟ್ಟು ಗೋಲಿ ಆಡ್ಕೋತ ನಿಂತಿರ್ತಿದ್ದ.” ಆಮೇಲೆ ನನ್ನ ಕಡೆ ನೋಡದೆ ಮೆಲ್ಲಗೆ ಅಂದಳು: “ಅದಕ್ಕ ಅವರಪ್ಪನ ಕೈಲಿ ಭಾಳ ಹೊಡ್ತ ತಿಂದಾನ್ರಿ. ಬೇಕಂತ ಮಾಡ್ತಾನ ಅಂತ ನಾನೂ ತಿಳಕೊಂಡಿದ್ದೆ.”

ಅಕ್ಕ ಅದನ್ನೂ ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಿದರು. ದುಭಾಷಿ ನಾನಾಗಿದ್ದರೆ ಆ ಕೊನೆಯ ಮಾತನ್ನು ನುಂಗಿಬಿಡುತ್ತಿದ್ದೆ.